ಮರಳಿನ ಪಾಠಶಾಲೆ: 1823ರ ಬಳ್ಳಾರಿಯಿಂದ ಮೈನ್‌ಕ್ರಾಫ್ಟ್‌ವರೆಗೆ



ಕಳೆದ ಬೇಸಿಗೆ ರಜೆಯಲ್ಲಿ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಇಪ್ಪತ್ತೆರಡು ಮಕ್ಕಳಿಗಾಗಿ ಹತ್ತು ದಿನಗಳ ಶಿಬಿರವೊಂದನ್ನು ನಡೆಸಿದೆವು. ಇತಿಹಾಸವನ್ನು ಕಂಪ್ಯೂಟರ್ ಆಟದ ಮೂಲಕ ಕಲಿಸಿ ನೋಡೋಣ ಎಂಬುದು ನನ್ನ ಹಟವಾಗಿತ್ತು. ಎರಡನೆಯ ದಿನವೇ ಪಾಲಕರೊಬ್ಬರು ಬಾಗಿಲಲ್ಲಿ ನಿಂತು ಪರದೆಯ ಮೇಲೆ ಮಕ್ಕಳು ಇಟ್ಟಿಗೆ ಜೋಡಿಸುತ್ತಿದ್ದುದನ್ನು ನೋಡಿದರು. "ಸರ, ಗೇಮ್ ಆಡಸಾಕ ಅಂತ ಇಲ್ಲಿಗೆ ಕಳಿಸೀವೇನ್ರಿ? ಮೊಬೈಲಿನಾಗ ಮನ್ಯಾಗೂ ಅದನ್ನ ಆಡ್ತಾವ" ಎಂದರು. ಅವರು ಸಿಟ್ಟಿನಿಂದ ಕೇಳಲಿಲ್ಲ, ಚಿಂತೆಯಿಂದ ಕೇಳಿದರು. ಮಗ ಹತ್ತನೆಯ ತರಗತಿ ದಾಟಲಿ ಎಂದು ಹಗಲೆಲ್ಲ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಮನುಷ್ಯ ಹಾಗೆ ಕೇಳಿದರೆ ಉತ್ತರ ಕೊಡಲೇಬೇಕು. ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕುತ್ತ ಹೋದಾಗ ಅದು ಇನ್ನೂರು ವರ್ಷಗಳ ಹಿಂದಿನ ನಮ್ಮದೇ ಜಿಲ್ಲೆಯ ಸರ್ಕಾರಿ ಪತ್ರವೊಂದರಲ್ಲಿ ಸಿಕ್ಕಿತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಆಟದ ವಿಷಯ. ಕೆಲವು ಆಟಗಳಲ್ಲಿ ಗೆಲುವು ಸೋಲು ಮುಖ್ಯವಲ್ಲ. ಆಟಗಾರನಿಗೆ ಒಂದು ಬಯಲು, ಒಂದಿಷ್ಟು ಕಲ್ಲು ಮಣ್ಣು ಮರ ನೀರು ಕೊಟ್ಟು 'ಬೇಕಾದ್ದು ಕಟ್ಟಿಕೋ' ಎಂದು ಬಿಟ್ಟುಬಿಡುತ್ತಾರೆ. ಇವಕ್ಕೆ 'ಸ್ಯಾಂಡ್‌ಬಾಕ್ಸ್' ಆಟಗಳು ಎಂದು ಹೆಸರು. ಅಂದರೆ ಮರಳಿನ ಪೆಟ್ಟಿಗೆ. ಇವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತ 2009ರಲ್ಲಿ ಇದನ್ನು ಹೊರತಂದ. 2011ರಲ್ಲಿ ಪೂರ್ಣ ರೂಪ ಬಂತು. 2023ರ ಹೊತ್ತಿಗೆ ಮೂವತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ತರಗತಿಗೆ ಇದನ್ನು ತಂದವರು ಆಟದ ಕಂಪನಿಯವರಲ್ಲ, ಶಿಕ್ಷಕರು. ನ್ಯೂಯಾರ್ಕಿನ ಕಂಪ್ಯೂಟರ್ ಶಿಕ್ಷಕ ಜೋಯೆಲ್ ಲೆವಿನ್ 2011ರಲ್ಲಿ ಚಿಕ್ಕ ಮಕ್ಕಳ ತರಗತಿಯಲ್ಲಿ ಇದನ್ನು ಬಳಸಿದ. ಫಿನ್‌ಲ್ಯಾಂಡಿನ ಸ್ಯಾಂಟೆರಿ ಕೊಯ್ವಿಸ್ತೊ ಮತ್ತು ಗೆಳೆಯರು ಅವನೊಂದಿಗೆ ಸೇರಿ ಶಾಲೆಗಳಿಗೆಂದೇ 'ಮೈನ್‌ಕ್ರಾಫ್ಟ್ ಎಜು' ಎಂಬ ರೂಪ ಮಾಡಿದರು. 2013ರಲ್ಲಿ ಸ್ಟಾಕ್‌ಹೋಮಿನ ಶಾಲೆಯೊಂದು ಹದಿಮೂರು ವರ್ಷದ ಮಕ್ಕಳಿಗೆ ಇದನ್ನು ಕಡ್ಡಾಯ ಪಾಠ ಮಾಡಿತು. 2014ರಲ್ಲಿ ಮೈಕ್ರೋಸಾಫ್ಟ್ ಆಟವನ್ನೇ ಕೊಂಡುಕೊಂಡಿತು, 2016ರಲ್ಲಿ ಶಾಲೆಗಳಿಗಾಗಿ ಪ್ರತ್ಯೇಕ ಆವೃತ್ತಿ ಬಿಟ್ಟಿತು. ವಿಶ್ವಸಂಸ್ಥೆಯ ವಸತಿ ವಿಭಾಗವಂತೂ 2012ರಿಂದ 'ಬ್ಲಾಕ್ ಬೈ ಬ್ಲಾಕ್' ಎಂಬ ಯೋಜನೆಯಲ್ಲಿ ಬಡಾವಣೆಯ ಜನರನ್ನೇ ಕೂರಿಸಿ, ತಮ್ಮ ಮೈದಾನ, ತಮ್ಮ ಉದ್ಯಾನ ಹೇಗಿರಬೇಕೆಂದು ಈ ಆಟದಲ್ಲಿ ಕಟ್ಟಿಸಿ ನೋಡಿತು. ಮುಂಬೈಯ ಲೋಟಸ್ ಗಾರ್ಡನ್ ಹಾಗೆ ರೂಪುಗೊಂಡದ್ದು.

ಇಷ್ಟು ಸಾಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 'ಮರಳು' ಎಂಬ ಪದ.

ವಿದ್ಯಾರ್ಥಿ ಮಿತ್ರರೆ, 1800ರಲ್ಲಿ ನಿಜಾಮರು ಬಳ್ಳಾರಿಯನ್ನೊಳಗೊಂಡ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟದ್ದು ನಿಮ್ಮ ಪಠ್ಯದಲ್ಲಿದೆ. ಅದಕ್ಕೇ 'ದತ್ತಮಂಡಲ' ಎಂಬ ಹೆಸರು. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ. ಅವನೇ ಮುಂದೆ ಮದ್ರಾಸಿನ ಗವರ್ನರ್ ಆದಾಗ 1822ರ ಜೂನ್ 25ರಂದು ಒಂದು ಟಿಪ್ಪಣಿ ಬರೆದು, ಪ್ರಾಂತದಲ್ಲಿ ದೇಶೀ ಶಾಲೆಗಳು ಎಷ್ಟಿವೆ, ಯಾರು ಓದುತ್ತಾರೆ, ಏನು ಓದುತ್ತಾರೆ ಎಂದು ಎಲ್ಲ ಕಲೆಕ್ಟರುಗಳಿಂದ ವರದಿ ಕೇಳಿದ. ಹೆಚ್ಚಿನವರು ಅಂಕಿಗಳ ಪಟ್ಟಿ ಕಳಿಸಿ ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಹಾಗೆ ಮಾಡಲಿಲ್ಲ. ಆತ ತೆಲುಗು ವ್ಯಾಕರಣ ಬರೆದಿದ್ದ ಭಾಷಾಪ್ರಿಯ ಮನುಷ್ಯ. 1823ರ ಆಗಸ್ಟ್ 17ರಂದು ಅವನು ಕಂದಾಯ ಮಂಡಳಿಗೆ ಬರೆದ ದೀರ್ಘ ಪತ್ರದಲ್ಲಿ ಒಂದು ಹಳ್ಳಿಶಾಲೆಯ ಬೆಳಗೇ ಕಣ್ಣಿಗೆ ಕಟ್ಟುತ್ತದೆ. 1983ರಲ್ಲಿ ಧರಂಪಾಲರು ಮದ್ರಾಸಿನ ಈ ಸಮೀಕ್ಷೆಯ ಕಾಗದಗಳನ್ನೆಲ್ಲ ಒಟ್ಟುಮಾಡಿ ಪ್ರಕಟಿಸಿದ ಮೇಲೆ ಈ ಪತ್ರ ಎಲ್ಲರ ಕೈಗೂ ಸಿಗುವಂತಾಯಿತು.

ಕ್ಯಾಂಬೆಲ್ ಹೇಳುವ ಪ್ರಕಾರ ಶಾಲೆ ಬೆಳಿಗ್ಗೆ ಆರಕ್ಕೆ ಆರಂಭ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆದು ಗೌರವಿಸುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆ ಏಟು ಏರುತ್ತದೆ. (ನಮ್ಮ ಪ್ರಾರ್ಥನೆಯ ಹೊತ್ತಿಗೆ ಗೇಟಿನ ಹೊರಗೆ ನಿಲ್ಲುವವರ ಸಾಲನ್ನು ನೆನೆದರೆ, ಕೊನೆಯವನ ಪಾಡೇನಾಗುತ್ತಿತ್ತೋ!) ಮಗು ಶಾಲೆ ಸೇರುತ್ತಿದ್ದುದು ಐದನೆಯ ವರ್ಷಕ್ಕೆ. ಮನೆಗೇ ಗುರುಗಳನ್ನೂ ಮಕ್ಕಳನ್ನೂ ಕರೆಸಿ, ಗಣೇಶನ ಮುಂದೆ ಕೂರಿಸಿ, ಗುರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಅಕ್ಷರ ಬರೆಸುತ್ತಿದ್ದರು. ನಮ್ಮ ಮನೆಗಳಲ್ಲಿ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನಕ್ಕೆ ಬಿಸ್ಮಿಲ್ಲಾ ಖ್ವಾನಿ ಮಾಡುವುದನ್ನು ಬಲ್ಲವರಿಗೆ ಈ ದೃಶ್ಯ ಪರಕೀಯ ಎನಿಸದು. ಅಲ್ಲೂ ಹಿರಿಯರ ಪಕ್ಕ ಕೂತ ಮಗು, ಅಲ್ಲೂ ಮೊದಲ ಅಕ್ಷರ, ಆಮೇಲೆ ಎಲ್ಲರಿಗೂ ಸಿಹಿ.

ಅಕ್ಕಿಯ ಶಾಸ್ತ್ರ ಮುಗಿದ ಮೇಲೆ ನಿಜವಾದ ಕಲಿಕೆ. ಇಲ್ಲಿ ಕ್ಯಾಂಬೆಲ್ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ. ಯುರೋಪಿನಲ್ಲಿ ಮಗು ಮೊದಲು ಅಕ್ಷರದ ಹೆಸರನ್ನು ಬಾಯಲ್ಲಿ ಹೇಳಿ ಕಲಿಯುತ್ತದೆ. ಇಲ್ಲಿ ಹಾಗಲ್ಲ, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಲೇ ಅಕ್ಷರ ಕಲಿಯುತ್ತದೆ. ಕೈ ಪಳಗಿದ ಮೇಲಷ್ಟೇ ಮುಂದಿನ ಸಾಧನಗಳು. ಓಲೆಗರಿಯ ಮೇಲೆ ಕಬ್ಬಿಣದ ಕಂಟ, ಕಾಗದದ ಮೇಲೆ ಲಾಳದ ಲೇಖನಿ, ಅಥವಾ ನಮ್ಮ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಹಲಗೆ ಮತ್ತು ಕಡತ. ಹಲಗೆಯೆಂದರೆ ಸುಮಾರು ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ಅದನ್ನು ನುಣ್ಣಗೆ ಮಾಡಿ ಅಕ್ಕಿಯ ಗಂಜಿ, ಇದ್ದಿಲ ಪುಡಿ ಬಳಿದರೆ ಸಿದ್ಧ. ಕಡತವೆಂದರೆ ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲು ಮತ್ತು ಅಂಟು ಸವರಿದ್ದು. ಬರೆಯಲು ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಕಲೆಕ್ಟರ್ ಸಾಹೇಬ ಈ ಪದಗಳನ್ನು ಇಂಗ್ಲಿಷಿನಲ್ಲಿ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾನೆ. ಹಲಗೆ 'ಹುಲ್ಲಿಗಿ' ಆಗಿದೆ. ಆದರೂ ಓದಿದ ಕೂಡಲೇ ನಮಗೆ ಗುರುತು ಹತ್ತುತ್ತದೆ.

ಉರ್ದು ಶಾಲೆಯಲ್ಲಿ ಓದಿದ ಹಿರಿಯರು 'ತಖ್ತಿ'ಯನ್ನು ನೆನಪಿಸಿಕೊಳ್ಳಬಹುದು. ಹಿಡಿಕೆಯಿರುವ ಮರದ ಹಲಗೆಗೆ ಮುಲ್ತಾನಿ ಮಿಟ್ಟಿ ಬಳಿದು, ಬಿಸಿಲಿಗೆ ಒಣಗಿಸಿ, ಬಿದಿರಿನ ಕಲಮಿನಿಂದ ಕಪ್ಪು ಮಸಿಯಲ್ಲಿ ಅಲಿಫ್, ಬೇ ತಿದ್ದುವುದು. ಹಲಗೆಯಲ್ಲಿ ಕಪ್ಪಿನ ಮೇಲೆ ಬಿಳಿ, ತಖ್ತಿಯಲ್ಲಿ ಬಿಳಿಯ ಮೇಲೆ ಕಪ್ಪು, ವ್ಯತ್ಯಾಸ ಇಷ್ಟೆ. ತೊಳೆದು ಮತ್ತೆ ಬರೆಯುವ ತತ್ತ್ವ ಒಂದೇ. 'ಕಡತ' ಎಂಬ ಪದದ ಪ್ರಯಾಣವೂ ಸ್ವಾರಸ್ಯದ್ದು. ಬಟ್ಟೆಯ ಪುಸ್ತಕ ಮಾಯವಾಯಿತು, ಪದ ಸರ್ಕಾರಿ ಕಚೇರಿ ಸೇರಿ ಫೈಲಿಗೆ ಹೆಸರಾಯಿತು. ಈಗ ಕಂಪ್ಯೂಟರಿನ ಒಳಗಿನ ಫೈಲನ್ನೂ ಕಡತವೆಂದೇ ಕರೆಯುತ್ತಾರೆ. ಒರೆಸಿ ಬರೆಯುವ ಗುಣವಾದರೂ ಅಲ್ಲಿ ಮರಳಿ ಬಂದಿದೆ. ಕಚೇರಿಯ ಕಡತಕ್ಕೆ ಆ ಗುಣ ಎಂದೂ ಇರಲಿಲ್ಲ.

ಬೆರಳಿಗೂ ಮರಳಿಗೂ ಇದ್ದ ಈ ನಂಟನ್ನು ಶಿಕ್ಷಕನಾಗಿ ನಾನು ಬಹಳ ಯೋಚಿಸಿದ್ದೇನೆ. ಕಾಗದದ ಮೇಲೆ ತಪ್ಪು ಬರೆದ ಮಗು ಅಳಿಸಿ ಅಳಿಸಿ ಹಾಳೆ ಹರಿಯುತ್ತದೆ, ಮೇಷ್ಟರ ಮುಖ ನೋಡುತ್ತದೆ. ಮರಳಿನಲ್ಲಿ ತಪ್ಪಿಗೆ ಬೆಲೆಯೇ ಇಲ್ಲ. ಅಂಗೈ ಸವರಿದರೆ ತಪ್ಪೂ ಇಲ್ಲ, ಸಾಕ್ಷಿಯೂ ಇಲ್ಲ. ಖರ್ಚಂತೂ ಕಾಸಿಲ್ಲ, ಹಗರಿಯ ಹೊಳೆಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಂಡ ಜನ ನಾವು. ಮೈನ್‌ಕ್ರಾಫ್ಟಿನಲ್ಲಿ ಮಗು ಇಟ್ಟ ಕಲ್ಲನ್ನು ಒಂದು ಒತ್ತಿಗೆ ಕಿತ್ತುಹಾಕುವಾಗ ನನಗೆ ಕಂಡದ್ದು ಇದೇ ನಿರ್ಭಯ.

ಕ್ಯಾಂಬೆಲ್ ಮೆಚ್ಚಿದ್ದು ಎರಡು ಸಂಗತಿ. ಒಂದು ಈ ಮಿತವ್ಯಯ. ಇನ್ನೊಂದು, ಮುಂದಿರುವ ಮಕ್ಕಳಿಂದ ಹಿಂದಿರುವ ಮಕ್ಕಳಿಗೆ ಪಾಠ ಹೇಳಿಸುವ ಕ್ರಮ. ಹೇಳಿಕೊಡುತ್ತ ಹೇಳಿಕೊಡುತ್ತ ದೊಡ್ಡವನ ಕಲಿಕೆಯೂ ಗಟ್ಟಿಯಾಗುತ್ತದೆ. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಅವನು ಸೇರಿಸಿದ್ದಾನೆ. ಹೌದು ಓದುಗರೆ, ಇಂಗ್ಲೆಂಡ್ ಅನುಕರಿಸಿತ್ತು. ಆಂಡ್ರೂ ಬೆಲ್ ಎಂಬ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಆಶ್ರಮದ ಮೇಲ್ವಿಚಾರಕನಾದ. ಆ ಕಾಲದ ಇಂಗ್ಲಿಷರು 'ಮಲಬಾರಿ' ಎಂದು ಕರೆಯುತ್ತಿದ್ದ ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಹಾಗೇ ಮಾಡಿರೆಂದರೆ ಅಲ್ಲಿನ ಶಿಕ್ಷಕ ಒಲ್ಲೆನೆಂದ. ಬೆಲ್ ಹಟ ಬಿಡದೆ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಚಿಕ್ಕವರ ತರಗತಿಯನ್ನು ಒಪ್ಪಿಸಿದ. ಹುಡುಗ ಗೆದ್ದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದರ ವರದಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಮರುವರ್ಷ ಅಲ್ಲೇ ಶಾಲೆ ತೆರೆದ ಜೋಸೆಫ್ ಲ್ಯಾಂಕಾಸ್ಟರ್ ಮರಳಿನ ಮೇಜುಗಳನ್ನೇ ಮಾಡಿಸಿ ನೂರಾರು ಬಡ ಮಕ್ಕಳಿಗೆ ಅಕ್ಷರ ಕಲಿಸಿದ. ಜಗತ್ತು ಅದನ್ನು 'ಮದ್ರಾಸ್ ಪದ್ಧತಿ' ಎಂದು ಕರೆಯಿತು. ಮರಳಿನ ಋಣವನ್ನು ಬೆಲ್ ಒಪ್ಪಿಕೊಂಡ. ಮಕ್ಕಳಿಂದ ಮಕ್ಕಳಿಗೆ ಪಾಠ ಎಂಬುದನ್ನು ಮಾತ್ರ ತನ್ನ ಶೋಧವೆಂದೇ ಹೇಳಿಕೊಂಡ. ಕ್ಯಾಂಬೆಲ್‌ನ ಪತ್ರ ಓದಿದ ಮೇಲೆ ಆ ಮಾತನ್ನು ಒಪ್ಪುವುದು ನನಗಂತೂ ಕಷ್ಟ.

ಇಷ್ಟು ಹೇಳಿ ನಿಲ್ಲಿಸಿದರೆ ಎಲ್ಲವೂ ಚೆಂದವಿತ್ತು ಎಂಬ ಭ್ರಮೆ ಹುಟ್ಟೀತು. ಇನ್ನೊಂದು ಮುಖ ನೋಡಿ. ಅಂದಿನ ಬಳ್ಳಾರಿ ಜಿಲ್ಲೆ ಇಂದಿಗಿಂತ ದೊಡ್ಡದು. 1882ರಲ್ಲಿ ಬೇರೆಯಾದ ಅನಂತಪುರವೂ ಅದರೊಳಗಿತ್ತು. ಜನಸಂಖ್ಯೆ 9,27,857. ಶಾಲೆಗಳು 533. ಕಲಿಯುವವರು 6,641. ಅಂದರೆ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ. ಕನ್ನಡ ಕಲಿಸುವ ಶಾಲೆಗಳು 235, ತೆಲುಗು 226, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗೆ ಮಾತ್ರ ಮೀಸಲಾದ ಸಂಸ್ಕೃತ ಪಾಠಶಾಲೆಗಳು. ಕಲಿಯುವವರಲ್ಲಿ ಹೆಣ್ಣುಮಕ್ಕಳು ಅರವತ್ತು. ಮುಸ್ಲಿಮರು 243, ಎಲ್ಲರೂ ಗಂಡುಮಕ್ಕಳು. ಮುಸ್ಲಿಂ ಹುಡುಗಿ ಒಬ್ಬಳೂ ಇಲ್ಲ. ಮನೆಯಲ್ಲೇ ಕಲಿತವರು ಇಂಥ ಪಟ್ಟಿಗಳಲ್ಲಿ ಸೇರಿಲ್ಲವೆಂದು ಮನ್ರೋ 1826ರ ಟಿಪ್ಪಣಿಯಲ್ಲಿ ಹೇಳಿದ್ದು ನಿಜ. ಹಾಗೆಂದು ಆ ಸೊನ್ನೆಯನ್ನು ಸುಲಭವಾಗಿ ದಾಟಿ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಸಂಘದ ಸಭೆಗಳಲ್ಲಿ ಹಿಂದಿನ ಕಾಲದ ತಾಲೀಮಿನ ಬಗ್ಗೆ ಹೆಮ್ಮೆಯ ಮಾತು ಬಂದಾಗಲೆಲ್ಲ ನನಗೆ ಆ ಸೊನ್ನೆ ಕಣ್ಣ ಮುಂದೆ ಬರುತ್ತದೆ.

ಕಾರಣಗಳನ್ನು ಕ್ಯಾಂಬೆಲ್ ಮುಚ್ಚಿಡಲಿಲ್ಲ. ದೇಶ ಬಡವಾಗುತ್ತಿದೆ, ನಮ್ಮ ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಯುವವರ ಕೆಲಸ ಹೋಗಿದೆ, ಹಣ ಹೊರಕ್ಕೆ ಹರಿಯುತ್ತಿದೆ, ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ ಎಂದು ತನ್ನ ಮೇಲಧಿಕಾರಿಗಳಿಗೇ ಬರೆದ. 533ರಲ್ಲಿ ಒಂದು ಶಾಲೆಗೂ ಸರ್ಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದ. ಕಂಪನಿಯ ಕಲೆಕ್ಟರನಿಂದ ಇಂಥ ಮಾತು ಬಂದದ್ದು ದೊಡ್ಡದು. ಪಾಠದ ಹೂರಣದ ಬಗ್ಗೆಯೂ ಅವನ ಟೀಕೆ ಕಟುವಾಗಿದೆ. ಬಸವ ಪುರಾಣ, ಗಿರಿಜಾ ಕಲ್ಯಾಣ, ಪಂಚತಂತ್ರಗಳಂಥ ಗ್ರಂಥಗಳು ಶಾಲೆಯಲ್ಲಿದ್ದವು. ಆದರೆ ಅವು ಹಳೆಯ ಕಾವ್ಯಭಾಷೆಯಲ್ಲಿದ್ದು, ಹುಡುಗರು ಅರ್ಥ ತಿಳಿಯದೆ ಸಾಲು ಸಾಲಾಗಿ ಬಾಯಿಪಾಠ ಮಾಡುತ್ತಿದ್ದರು; ಎಷ್ಟೋ ಕಡೆ ಗುರುವಿಗೂ ಅರ್ಥ ಗೊತ್ತಿರಲಿಲ್ಲ. ಮರಳು ಒಳ್ಳೆಯ ಸಾಧನವೇ, ಆದರೆ ಮರಳಿನಲ್ಲಿ ಏನು ಬರೆಸುತ್ತೇವೆ ಎಂಬುದು ಬೇರೆ ಪ್ರಶ್ನೆ. ಕಂಪ್ಯೂಟರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಮುಂದಿನ ಕಥೆ ನಿಮಗೆ ಗೊತ್ತು. ಸ್ಲೇಟು ಬಂತು, ಅಚ್ಚಾದ ಪಠ್ಯ ಬಂತು, ಪರೀಕ್ಷೆ ಬಂತು. ಕರ್ನಾಟಕದಲ್ಲಿ ಆಟದ ಕಲಿಕೆ ಶಾಲೆಯೊಳಗೆ ಮತ್ತೆ ಕಾಲಿಟ್ಟದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ 'ನಲಿ-ಕಲಿ'ಯಿಂದ. ಗುಂಪಿನಲ್ಲಿ ನೆಲದ ಮೇಲೆ ಕೂತು, ಗೋಡೆಯ ತಳದ ಕಪ್ಪು ಹಲಗೆಯಲ್ಲಿ ಮಗುವೇ ಬರೆಯುವ, ಮುಂದಿರುವವರು ಹಿಂದಿರುವವರಿಗೆ ಹೇಳಿಕೊಡುವ ಆ ಕೊಠಡಿಯನ್ನು ನೋಡಿದರೆ ಕ್ಯಾಂಬೆಲ್ ಸಾಹೇಬ ಹೊಸತೇನೂ ಕಂಡೆನೆಂದು ಅನ್ನುತ್ತಿರಲಿಲ್ಲ. ಕಂಪ್ಯೂಟರ್ ಬಂದಾಗ ಬೇರೊಂದು ತೊಡಕು ಬಂತು. ಒಂದು ಯಂತ್ರಕ್ಕೆ ಐದಾರು ಮಕ್ಕಳು. ಮೌಸ್ ಹಿಡಿಯುವವನು ಒಬ್ಬ. 2006ರ ಸುಮಾರಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ಹಳ್ಳಿಶಾಲೆಗಳಲ್ಲಿ ಇದನ್ನು ಕಂಡು, ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣ ಕೊಟ್ಟು ನೋಡಿದರು. ಮರಳಿನ ಮೇಲೆ ಎಲ್ಲರಿಗೂ ಬೆರಳು ಇತ್ತು. ಇಲ್ಲಿ ಬೆರಳನ್ನೇ ಹಂಚಬೇಕಾಯಿತು.

ಈಗ ನಮ್ಮ ಶಿಬಿರಕ್ಕೆ ಬರುತ್ತೇನೆ. ಮೈನ್‌ಕ್ರಾಫ್ಟಿನ ಶಾಲಾ ಆವೃತ್ತಿಗೆ ವರ್ಷ ವರ್ಷ ಪ್ರತಿ ಮಗುವಿಗೂ ಹಣ ಕಟ್ಟಬೇಕು. ಅದು ನಮ್ಮಿಂದಾಗದ ಮಾತು. ಅದೇ ಬಗೆಯ, ಉಚಿತವಾದ, ಹಳೆಯ ಕಂಪ್ಯೂಟರಿನಲ್ಲೂ ನಡೆಯುವ ಆಟವೊಂದಿದೆ. ಫಿನ್‌ಲ್ಯಾಂಡಿನವನೊಬ್ಬ 2010ರಲ್ಲಿ ಆರಂಭಿಸಿದ್ದು. ಆಗ 'ಮೈನ್‌ಟೆಸ್ಟ್', 2024ರಿಂದ 'ಲುವಾಂಟಿ' ಎಂದು ಹೆಸರು. ಲ್ಯಾಬಿನಲ್ಲಿದ್ದ ನಾಲ್ಕು ಯಂತ್ರಗಳಲ್ಲಿ ಮೂರು ನಡೆಯುತ್ತಿದ್ದವು. ಗುಂಪಿಗೆ ಏಳೆಂಟು ಮಕ್ಕಳು. ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಬೇಕು, ಉಳಿದವರು ಚೌಕಳಿ ಹಾಳೆಯಲ್ಲಿ ನಕ್ಷೆ ಬರೆಯಬೇಕು ಎಂದು ನಿಯಮ ಮಾಡಿದೆವು. ಮೊದಲ ದಿನ ನಿಯಮ ಮುರಿದವರೆಲ್ಲ ಹುಡುಗರು. ಮೂರನೆಯ ದಿನದಿಂದ ಗಡಿಯಾರವನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟೆ, ಗಲಾಟೆ ನಿಂತಿತು.

ಕುರುಗೋಡಿನ ಗುಂಪು ತಮ್ಮೂರ ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ನಂದಿಯನ್ನೇ ಕಟ್ಟುತ್ತೇವೆಂದು ಹೊರಟಿತು. ಚೌಕ ಕಲ್ಲುಗಳಲ್ಲಿ ಕಟ್ಟಿದ ಬಸವಣ್ಣ ಡಬ್ಬದಂತಾಗಿ ಎಲ್ಲರೂ ನಕ್ಕರು. ಹಾಗಾದರೆ ಅಷ್ಟು ದೊಡ್ಡ ಬಂಡೆಯಲ್ಲಿ ಆ ನುಣುಪು, ಆ ಕೊರಳ ಮಡಿಕೆ ತಂದವರು ಹೇಗೆ ತಂದರು ಎಂಬ ಮಾತು ಆ ನಗೆಯ ಮಧ್ಯೆಯೇ ಬಂತು. ದಿನಾ ಅದರ ಮುಂದೆಯೇ ಓಡಾಡಿದ ಮಕ್ಕಳಿಗೆ ಅದು ಮೊದಲ ಸಲ ಹೊಳೆದಿತ್ತು.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಸಿರುಗುಪ್ಪದ ಗುಂಪು. ತುಂಗಭದ್ರೆಯಿಂದ ವಿಜಯನಗರದ ಅರಸರ ಕಾಲದಲ್ಲಿ ತೆಗೆದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಅದನ್ನೇ ಕಟ್ಟಿರಿ ಎಂದಿದ್ದೆ. ಈ ಆಟದಲ್ಲಿ ಒಂದು ಕಟ್ಟುಪಾಡು ಇದೆ. ಸಮತಟ್ಟಾದ ನೆಲದಲ್ಲಿ ನೀರು ಏಳೆಂಟು ಚೌಕ ಹರಿದು ನಿಂತುಬಿಡುತ್ತದೆ. ಮಕ್ಕಳು ಕಾಲುವೆ ತೋಡಿದರು, ನೀರು ನಿಂತಿತು; ಅಗಲ ಮಾಡಿದರು, ಆದರೂ ನಿಂತಿತು. ನಾನು ಬಾಯಿ ಬಿಡಲಿಲ್ಲ. ಅರ್ಧ ಗಂಟೆಯ ಮೇಲೆ, ಅಪ್ಪನೊಡನೆ ಭತ್ತದ ಗದ್ದೆಗೆ ನೀರು ಕಟ್ಟಲು ಹೋಗುವ ಹುಡುಗನೊಬ್ಬ "ಸರ, ಕೆಳಗ ಇಳೀಬೇಕ್ರಿ, ಇಳದ್ರ ಹರೀತದ" ಎಂದ. ಏಳು ಚೌಕಕ್ಕೊಂದು ಮೆಟ್ಟಿಲು ಇಳಿಸಿದರು. ನೀರು ಗದ್ದೆ ಮುಟ್ಟಿತು. ಈ ಹುಡುಗ ಲೆಕ್ಕದಲ್ಲಿ ಎಂದೂ ಹದಿನೈದು ಅಂಕ ದಾಟಿದವನಲ್ಲ. ಮೈಲುಗಟ್ಟಲೆ ದೂರಕ್ಕೆ ಅಷ್ಟಷ್ಟೇ ಇಳಿಜಾರು ಹಿಡಿದು ನೀರು ಸಾಗಿಸಿದ ಅಂದಿನ ಕಾಲುವೆ ಕೆಲಸಗಾರರ ಬಗ್ಗೆ ಆ ದಿನ ನಾನು ಮಾಡಿದ ಪಾಠ, ನನ್ನ ಹನ್ನೊಂದು ವರ್ಷದ ನೌಕರಿಯಲ್ಲೇ ಮಕ್ಕಳು ಅತಿ ಗಮನವಿಟ್ಟು ಕೇಳಿದ ಪಾಠ.

ಆರನೆಯ ದಿನ ಬೆಳಗಿನಿಂದ ಕರೆಂಟಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಸಪ್ಪೆ ಮುಖ ಹಾಕಿ ಕೂತರು. ಆಮೇಲೆ ಕಾಂಪೌಂಡಿನಲ್ಲಿ ಹೊಸ ಶೌಚಾಲಯದ ಕೆಲಸಕ್ಕೆ ಸುರಿದಿದ್ದ ಮರಳ ರಾಶಿಗೆ ಓಡಿ, ಅದರಲ್ಲೇ ಬಳ್ಳಾರಿ ಕೋಟೆ ಕಟ್ಟತೊಡಗಿದರು. ಗಾರೆ ಕೆಲಸದವರು ಬೈದರು. ಕ್ಯಾಂಬೆಲ್‌ನ ಪತ್ರದ ಕಥೆಯನ್ನು ನಾನು ಮಕ್ಕಳಿಗೆ ಹೇಳಿದ್ದು ಆ ರಾಶಿಯ ಪಕ್ಕ ನಿಂತೇ.

ಆಟದಿಂದ ಎಲ್ಲವೂ ಆಗುತ್ತದೆಂದು ನಾನು ಹೇಳಲಾರೆ. ನಾಲ್ಕೈದು ಮಕ್ಕಳು ಹತ್ತು ದಿನವೂ ಗುಂಡಿ ತೋಡುವುದರಲ್ಲೇ ಕಳೆದರು. ಉರ್ದು ಮಾಧ್ಯಮದ ಮಕ್ಕಳಿಗೆ ಆಟದ ಇಂಗ್ಲಿಷ್ ಸೂಚನೆಗಳು ಕಗ್ಗವಾದವು. ನಾವು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಗೋಡೆಗೆ ಅಂಟಿಸಬೇಕಾಯಿತು. ಶಿಬಿರದ ಕೊನೆಯಲ್ಲಿ ಇಸವಿಗಳನ್ನು ಕೇಳಿದರೆ ಹೆಚ್ಚಿನವರಿಗೆ ನೆನಪಿರಲಿಲ್ಲ. ಮೌಸ್ ಬಿಟ್ಟು ಪುಸ್ತಕ ಹಿಡಿಯಲೇಬೇಕಾದ ಹೊತ್ತು ಇದ್ದೇ ಇದೆ, ಅದನ್ನು ಆ ತಂದೆಗೂ ಹೇಳಿದೆ. ಅವರ ಮಗ ಯಾರೆಂದರೆ ನೀರು ಇಳಿಸಿದ ಆ ಹುಡುಗನೇ. ಅವನು ಹಾಳೆಯ ಮೇಲೆ ಬರೆದಿದ್ದ ಕಾಲುವೆಯ ನಕ್ಷೆಯನ್ನು ತಂದೆ ಬಹಳ ಹೊತ್ತು ನೋಡಿದರು. ಅದರಲ್ಲಿ ತೂಬು ಎಲ್ಲಿ ಎಂದು ಕೇಳಿದರು. ಹುಡುಗ ಬರೆದಿರಲಿಲ್ಲ.

ಬಳ್ಳಾರಿ ಗುಂಪಿನ ಕೋಟೆ ಮುಗಿಯಲಿಲ್ಲ. ಹೈದರಾಲಿ ಕೋಟೆಯನ್ನು ಫ್ರೆಂಚ್ ಎಂಜಿನಿಯರನಿಂದ ಬಲಪಡಿಸಿ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆಯೆಂದು ಆಮೇಲೆ ತಿಳಿದು ಅವನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳು ಎರಡೂ ಗುಡ್ಡ ಎಬ್ಬಿಸಿ, ಕುಂಬಾರ ಗುಡ್ಡದ ನೆತ್ತಿಯಲ್ಲಿ ನಿಂತು ಕೋಟೆಯೊಳಗೆ ಏನೇನು ಕಾಣುತ್ತದೆಂದು ನೋಡುತ್ತಿದ್ದರು. ಗಡಿಯಾರ ಹಿಡಿದಿದ್ದ ಹುಡುಗಿ ಕೇಳಿದಳು: "ಸರ್, ಆ ಗುಡ್ಡ ಹೈದರಾಲಿಗೂ ಮೊದಲೇ ಕಾಣ್ತಿತ್ತಲ್ಲ, ಎಂಜಿನಿಯರ್‌ಗೆ ಮಾತ್ರ ಯಾಕೆ ಗಲ್ಲು?" ಐತಿಹ್ಯಕ್ಕೂ ಇತಿಹಾಸಕ್ಕೂ ಇರುವ ಅಂತರ ಹೇಳಲು ಬಾಯಿ ತೆರೆದೆ, ಗಂಟೆ ಹೊಡೆಯಿತು.

ಆ ಕಡತ ಲ್ಯಾಬಿನ ಎರಡನೆಯ ಕಂಪ್ಯೂಟರಿನಲ್ಲಿ ಹಾಗೇ ಇದೆ. ಕೆಳಕೋಟೆಯ ಪೂರ್ವದ ಗೋಡೆ ಅರ್ಧವಾಗಿದೆ, ಮೇಲ್ಕೋಟೆ ಇನ್ನೂ ಶುರುವಾಗಿಲ್ಲ. ಮುಂದಿನ ರಜೆಗೆ ಸೇರಬಯಸುವ ವಿದ್ಯಾರ್ಥಿಗಳು ಚೌಕಳಿ ಹಾಳೆಯ ಪುಸ್ತಕವೊಂದನ್ನು ತರಬೇಕು. ಸದಸ್ಯರಲ್ಲಿ ಯಾರ ಮನೆಯಲ್ಲಾದರೂ ಬಳಸದ ಮೌಸ್‌ಗಳಿದ್ದರೆ ಕೊಡಬೇಕೆಂದು ವಿನಂತಿ.